ಸುಣ್ಣದ ಡಬ್ಬಿಯೊಳಗಿನ ಸಮುದ್ರ

ಎಲೆ ಅಡಿಕೆ ಹಾಕುವವರ ಹತ್ತಿರ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ. ಹಬ್ಬ ಬಂದರೆ ಗೋಡೆಗೆ ಸುಣ್ಣ ಬಳಿಯುತ್ತೇವೆ. ನಮ್ಮ ಕನಕಪುರ ತಾಲೂಕಿನಲ್ಲಿ ರೇಷ್ಮೆ ಸಾಕುವ ಮನೆಗಳು ಬಹಳ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವೆ. ಮನೆ ಕಟ್ಟಿಸುವವರು ಸಿಮೆಂಟು ತರುತ್ತಾರೆ. ಆ ಸಿಮೆಂಟನ್ನೂ ಸುಣ್ಣಕಲ್ಲಿನಿಂದಲೇ ಮಾಡುವುದು.

ಈ ಸುಣ್ಣ ಎಲ್ಲಿಂದ ಬಂತು? ಅಂಗಡಿಯಿಂದ ಅಂತೀರಿ. ಅಂಗಡಿಗೆ ಎಲ್ಲಿಂದ ಬಂತು? ಸುಣ್ಣದ ಗೂಡಿನಿಂದ. ಗೂಡಿಗೆ? ಸುಣ್ಣಕಲ್ಲಿನಿಂದ, ಇಲ್ಲವೇ ಕಪ್ಪೆಚಿಪ್ಪಿನಿಂದ. ಸರಿ. ಹಾಗಾದರೆ ಕಲ್ಲಿನೊಳಗೆ ಸುಣ್ಣ ಹೇಗೆ ಸೇರಿತು? ಚಿಪ್ಪಿಗೂ ಕಲ್ಲಿಗೂ ಏನು ನಂಟು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ನಿಂಬೆಹಣ್ಣಿನ ಪರೀಕ್ಷೆ

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಇದಕ್ಕೆ ಖರ್ಚಿಲ್ಲ. ಕೋಳಿಮೊಟ್ಟೆಯ ಸಿಪ್ಪೆ ತೆಗೆದುಕೊಳ್ಳಿ. ಗದ್ದೆಯಲ್ಲಿ ಬಿದ್ದಿರುವ ಬಸವನಹುಳುವಿನ ಚಿಪ್ಪು ತೆಗೆದುಕೊಳ್ಳಿ. ಕಡಪ ಕಲ್ಲಿನ ಒಂದು ಚೂರು ತನ್ನಿ. ನಮ್ಮ ಊರಿನ ಬಂಡೆಯ ಒಂದು ಚಕ್ಕೆ ತನ್ನಿ. ಎಲ್ಲವನ್ನೂ ಬೇರೆ ಬೇರೆ ಕುಟ್ಟಿ ಪುಡಿ ಮಾಡಿ. ಒಂದೊಂದರ ಮೇಲೂ ನಿಂಬೆರಸ ಹಿಂಡಿ.

ಮೊಟ್ಟೆಯ ಸಿಪ್ಪೆ ಸುಯ್ ಎಂದು ನೊರೆ ಬಿಡುತ್ತದೆ. ಬಸವನಹುಳುವಿನ ಚಿಪ್ಪೂ ಹಾಗೇ. ಕಡಪ ಕಲ್ಲೂ ಗುಳ್ಳೆ ಬಿಡುತ್ತದೆ. ನಮ್ಮ ಬಂಡೆಯ ಪುಡಿ ಮಾತ್ರ ಸುಮ್ಮನೆ ಒದ್ದೆಯಾಗಿ ಕೂರುತ್ತದೆ.

ಅಡಿಗೆಮನೆಗೆ ಕಡಪ ಕಲ್ಲು ಹಾಕಿಸಿದವರಿಗೆ ಇದು ಆಗಲೇ ಗೊತ್ತು. ನಿಂಬೆಹಣ್ಣು ಕೊಯ್ದ ಕಡೆ, ಹುಣಿಸೆಹುಳಿ ಚೆಲ್ಲಿದ ಕಡೆ ಕಲ್ಲಿನ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹುಳಿ ಕಲ್ಲನ್ನೇ ತಿಂದಿರುತ್ತದೆ. ಕಡಪ ಕಲ್ಲು ಸುಣ್ಣಕಲ್ಲು. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಅದು ನಮ್ಮ ಕರ್ನಾಟಕದ ಕಲಬುರಗಿ ಜಿಲ್ಲೆಯದು.

ಹುಳಿ ತಾಗಿದರೆ ನೊರೆ ಬಿಡುವ ಈ ವಸ್ತುವಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಹೆಸರು. ಹೆಸರು ದೊಡ್ಡದು, ವಸ್ತು ನಮಗೆ ಗೊತ್ತಿರುವುದೇ. ಮೊಟ್ಟೆಯ ಸಿಪ್ಪೆಯಲ್ಲೂ, ಚಿಪ್ಪಿನಲ್ಲೂ, ಸುಣ್ಣಕಲ್ಲಿನಲ್ಲೂ ಇರುವುದು ಅದೊಂದೇ.

ಇನ್ನೊಂದು ಕಡೆಯೂ ಇದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳ ನೋಡಿ. ಬಿಳೀ ಪೊರೆ ಕಟ್ಟಿರುತ್ತದೆ. ಅದರ ಮೇಲೆ ಹುಣಿಸೆಹುಳಿ ಹಾಕಿ ಉಜ್ಜಿದರೆ ಬಿಡುತ್ತದೆ. ನಮ್ಮ ನೀರಿನಲ್ಲಿ ಸುಣ್ಣ ಕರಗಿದೆ. ಬಿಸಿ ಮಾಡಿದಾಗ ಅದು ಕಲ್ಲಾಗಿ ತಳಕ್ಕೆ ಕೂತಿದೆ. ನಿಮ್ಮ ಹಂಡೆಯ ತಳದಲ್ಲೇ ಒಂದು ಪುಟ್ಟ ಸುಣ್ಣಕಲ್ಲು ಬೆಳೆಯುತ್ತಿದೆ ಎಂದರೆ ತಪ್ಪಲ್ಲ. ಈ ಹಂಡೆಯ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ನಮ್ಮ ಬಂಡೆಯಲ್ಲಿ ಚಿಪ್ಪು ಯಾಕಿಲ್ಲ?

ಓದು ಕಲಿಯಲು ಬರುವ ಅಕ್ಕಂದಿರು ಕೇಳಿದರು. “ಮೇಷ್ಟ್ರೇ, ಕಲ್ಲೊಳಗೆ ಶಂಖ, ಚಿಪ್ಪು ಇರ್ತವೆ ಅಂತೀರಿ. ನಾವು ಹುಟ್ಟಿದಾಗಿಂದ ಕಲ್ಲು ಒಡೀತಾ ಇದ್ದೀವಿ. ಒಂದೂ ಕಂಡಿಲ್ವಲ್ಲ?”

ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೆ. ನಮ್ಮ ಕಲ್ಲು ಬೆಂದ ಕಲ್ಲು.

ಕನಕಪುರದ ಸುತ್ತ ಇರುವುದು ಎರಡು ಮೂರು ಜಾತಿಯ ಕಲ್ಲು. ಒಂದು, ಬಿಳಿ ಕಪ್ಪು ಪಟ್ಟೆ ಇರುವ ಕಲ್ಲು. ಇದಕ್ಕೆ ನೈಸ್ ಅನ್ನುತ್ತಾರೆ. ಸುಮಾರು 300 ಕೋಟಿ ವರ್ಷದಷ್ಟು ಹಳೆಯದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಇನ್ನೊಂದು ರಾಮನಗರದ ಬೆಟ್ಟಗಳ ಗ್ರಾನೈಟ್. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾಯಿತು. ಆದರೆ ಭೂವಿಜ್ಞಾನಿಗಳು ಇವತ್ತಿಗೂ ಆ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದು ನೆಲದ ಆಳದಲ್ಲಿ ಕರಗಿ, ಪಾಕವಾಗಿ, ಮೇಲೆ ಉಕ್ಕಿ, ನಿಧಾನವಾಗಿ ಆರಿ ಗಟ್ಟಿಯಾದದ್ದು. ಇದಾಗಿ ಸುಮಾರು 250 ಕೋಟಿ ವರ್ಷ.

ಮೂರನೆಯದು ಕಬ್ಬಾಳಿನಲ್ಲಿದೆ. ಕಬ್ಬಾಳಮ್ಮನ ಜಾತ್ರೆಗೆ ಹೋಗುವವರು ಕಬ್ಬಾಳದುರ್ಗ ನೋಡಿರುತ್ತೀರಿ. ಅಲ್ಲಿಯ ಕಲ್ಲುಗಣಿಯಲ್ಲಿ ಬೂದು ಬಣ್ಣದ ಪಟ್ಟೆ ಕಲ್ಲಿನ ಮಧ್ಯೆ ಅಲ್ಲಲ್ಲಿ ಹಸಿರುಗಪ್ಪು ಕಲೆ ಕಾಣುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿ ಅಲ್ಲಲ್ಲಿ ಬೆಂದು ಅಲ್ಲಲ್ಲಿ ಹಸಿ ಉಳಿದ ಹಾಗೆ. ನಿಜಕ್ಕೂ ಅದು ಹಾಗೇ ಆದದ್ದು. ಆ ಕಲ್ಲು ಒಂದು ಕಾಲದಲ್ಲಿ ನೆಲದೊಳಗೆ ಅನೇಕ ಕಿಲೋಮೀಟರ್ ಆಳದಲ್ಲಿತ್ತು. ಸುಮಾರು 700 ಡಿಗ್ರಿ ಬಿಸಿ. ಆ ಬಿಸಿಗೆ ಕಲ್ಲಿನಲ್ಲಿದ್ದ ನೀರಿನ ಅಂಶ ಹೋಗಿ ಕಲ್ಲು ಬೇರೆ ಜಾತಿಯದಾಯಿತು. ಆ ಹೊಸ ಜಾತಿಗೆ ಚಾರ್ನೊಕೈಟ್ ಎಂದು ಹೆಸರು. ಕೆಲವು ಕಡೆ ಮಾತ್ರ ಆಯಿತು. ಉಳಿದ ಕಡೆ ಅರ್ಧಕ್ಕೇ ನಿಂತಿತು. ಸಿ.ಎಸ್. ಪಿಚ್ಚಮುತ್ತು ಎಂಬ ಭೂವಿಜ್ಞಾನಿ 1960ರಲ್ಲಿ ಇದನ್ನು ಬರೆದು ಜಗತ್ತಿಗೆ ತಿಳಿಸಿದರು. ಅಂದಿನಿಂದ ಹೊರದೇಶದ ವಿಜ್ಞಾನಿಗಳೂ ಕಬ್ಬಾಳಕ್ಕೆ ಬಂದು ಆ ಕಲ್ಲನ್ನು ನೋಡಿ ಹೋಗಿದ್ದಾರೆ. ನಾವು ಮಾತ್ರ ಜಾತ್ರೆ ಮುಗಿಸಿ ಬಸ್ ಹತ್ತುತ್ತೇವೆ!

ಇಷ್ಟು ಬೆಂದ ಕಲ್ಲಿನಲ್ಲಿ ಯಾವ ಹುಳು, ಯಾವ ಚಿಪ್ಪು ಉಳಿದೀತು? ಅದು ಒಂದು ಕಾರಣ. ಎರಡನೆಯ ಕಾರಣ ಇನ್ನೂ ದೊಡ್ಡದು. ನಮ್ಮ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಚಿಪ್ಪಿನ ಪ್ರಾಣಿಯೇ ಇರಲಿಲ್ಲ. ಮೀನಿಲ್ಲ, ಮರವಿಲ್ಲ, ಹುಲ್ಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮಾತ್ರ ನೀರಿನಲ್ಲಿದ್ದವು.

ಹಗ್ಗದ ಲೆಕ್ಕ

ಕೋಟಿ ವರ್ಷ ಎಂದರೆ ತಲೆಗೆ ಹತ್ತುವುದಿಲ್ಲ. ನಮಗೂ ಹತ್ತುವುದಿಲ್ಲ. ಅದಕ್ಕೆ ಒಂದು ಹಗ್ಗ ತೆಗೆದುಕೊಳ್ಳೋಣ. ಒಂದು ಅಡಿ ಎಂದರೆ ಒಂದು ಕೋಟಿ ವರ್ಷ ಎಂದು ಇಟ್ಟುಕೊಳ್ಳೋಣ.

ಭೂಮಿಗೆ ಸುಮಾರು 454 ಕೋಟಿ ವರ್ಷ. ಹಗ್ಗ 454 ಅಡಿ ಬೇಕು. ಹಗ್ಗದ ಈ ತುದಿ ಇವತ್ತಿನ ದಿನ. ಇಲ್ಲಿಂದ ಹಿಂದಕ್ಕೆ ನಡೆಯಿರಿ. ರಾಮನಗರದ ಗ್ರಾನೈಟಿಗೆ 250 ಅಡಿ ನಡೆಯಬೇಕು. ನಮ್ಮ ಪಟ್ಟೆ ಕಲ್ಲಿಗೆ 300 ಅಡಿ. ಚಿಪ್ಪಿನ ಪ್ರಾಣಿಗಳು ಶುರುವಾದದ್ದು ಸುಮಾರು 54 ಅಡಿಯ ಹತ್ತಿರ. ಡೈನೋಸಾರ್ ಎಂಬ ದೈತ್ಯ ಪ್ರಾಣಿಗಳು ಅಳಿದದ್ದು ಆರೂವರೆ ಅಡಿಯಲ್ಲಿ. ನಮ್ಮಂಥ ಮನುಷ್ಯರು ಬಂದು ಸುಮಾರು 3 ಲಕ್ಷ ವರ್ಷ. ಹಗ್ಗದಲ್ಲಿ ಅದು ಅಂಗುಲದ ಮೂರನೇ ಒಂದು ಪಾಲು.

ಮನುಷ್ಯ ಬರೆಯಲು ಕಲಿತು ಸುಮಾರು 5 ಸಾವಿರ ವರ್ಷ. ಹಗ್ಗದಲ್ಲಿ ಅದು ಎರಡು ಕೂದಲಿನಷ್ಟು ದಪ್ಪ. ಈ ವರ್ಷ ಅಕ್ಷರ ಕಲಿತವರು ತಡವಾಯಿತು ಎಂದು ನಾಚಿಕೊಳ್ಳಬೇಕಾಗಿಲ್ಲ ನೋಡಿ.

ಲೋಕಾಪುರದ ಪಾಚಿಕಲ್ಲು

ಈಗ ಬಾಗಲಕೋಟೆ ಜಿಲ್ಲೆಗೆ ಹೋಗೋಣ. ಮುಧೋಳ, ಲೋಕಾಪುರ, ಕಲಾದಗಿ. ಕಲಾದಗಿ ದಾಳಿಂಬೆಗೆ ಹೆಸರಾದ ಊರು. ಭೂವಿಜ್ಞಾನಿಗಳಿಗೆ ಕಲ್ಲಿಗೂ ಹೆಸರಾದ ಊರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ ಆ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿಯ ಕಲ್ಲಿನ ಪದರಗಳಿಗೆ ಕಲಾದಗಿ ಎಂದೇ ಹೆಸರಾಯಿತು.

ಅಲ್ಲಿ ಅಡಿಯಲ್ಲಿರುವುದು ನಮ್ಮ ಹಾಗೇ ಬೆಂದ ಕಲ್ಲು. ಅದರ ಮೇಲೆ ಒಂದು ಕಾಲದಲ್ಲಿ ಸಮುದ್ರ ಹತ್ತಿ ಬಂತು. 100 ಕೋಟಿ ವರ್ಷಕ್ಕೂ ಹಿಂದಿನ ಮಾತು. ದಡದಲ್ಲಿ ಗುಂಡುಕಲ್ಲು, ಮರಳು ಕೂತವು. ಸ್ವಲ್ಪ ದೂರದಲ್ಲಿ ಜೇಡಿ ಕೂತಿತು. ನೀರು ತಿಳಿಯಾಗಿದ್ದ ಕಡೆ ಸುಣ್ಣ ಕೂತಿತು. ಹೀಗೆ ಪದರದ ಮೇಲೆ ಪದರ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿ ಗಟ್ಟಿಯಾಯಿತು. ಮರಳು ಮರಳುಗಲ್ಲಾಯಿತು. ಸುಣ್ಣ ಸುಣ್ಣಕಲ್ಲಾಯಿತು. ಬಹಳ ಕಾಲ ಕಳೆದ ಮೇಲೆ ಇವುಗಳ ಮೇಲೆ ಇನ್ನೊಂದು ಮರಳಿನ ರಾಶಿ ಬಿತ್ತು. ಬಾದಾಮಿಯ ಕೆಂಪು ಬಂಡೆ ಅದೇ. ಚಾಲುಕ್ಯರು ಗುಹೆ ಕೊರೆದದ್ದು ಅದರಲ್ಲಿ.

ಲೋಕಾಪುರದ ಕಡೆಯ ಸುಣ್ಣಕಲ್ಲಿನಲ್ಲಿ ಒಂದು ವಿಶೇಷ ಇದೆ. ಕೆಲವು ಬಂಡೆಗಳನ್ನು ಅಡ್ಡ ಕೊಯ್ದರೆ ಎಲೆಕೋಸು ಕೊಯ್ದ ಹಾಗೆ ಕಾಣುತ್ತದೆ. ಪದರ ಪದರವಾಗಿ, ಗುಮ್ಮಟದ ಹಾಗೆ ಬಾಗಿದ ಗೆರೆಗಳು. ಒಂದರ ಪಕ್ಕ ಒಂದು. ಇದನ್ನು ಸ್ಟ್ರೊಮಟೊಲೈಟ್ ಅನ್ನುತ್ತಾರೆ. ನಾವು ಪಾಚಿಕಲ್ಲು ಅನ್ನೋಣ.

ಪಾಚಿಕಲ್ಲು ಹೇಗೆ ಆಯಿತು? ಆ ಸಮುದ್ರದ ತಳದಲ್ಲಿ ಪಾಚಿಯಂಥ ಸಣ್ಣ ಜೀವಿಗಳು ಚಾಪೆ ಹಾಸಿದ ಹಾಗೆ ಬೆಳೆಯುತ್ತಿದ್ದವು. ಅವು ಲೋಳೆ ಲೋಳೆ. ಕೆರೆ ಸೋಪಾನದ ಮೇಲೆ ಪಾಚಿ ಕಾಲಿಗೆ ಜಾರುತ್ತದಲ್ಲ, ಹಾಗೆ. ನೀರಿನಲ್ಲಿ ತೇಲಿ ಬಂದ ಸುಣ್ಣದ ಕಣ ಆ ಲೋಳೆಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಸುಣ್ಣವೂ ಅಲ್ಲಿ ಹೆಪ್ಪುಗಟ್ಟುತ್ತದೆ. ಹಂಡೆಯ ತಳದ ಮಾತು ನೆನಪಿದೆಯಲ್ಲ? ಅಲ್ಲಿ ಬೆಂಕಿ ಮಾಡಿದ ಕೆಲಸವನ್ನು ಇಲ್ಲಿ ಜೀವಿ ಮಾಡಿತು. ಸುಣ್ಣ ಮುಚ್ಚಿಕೊಂಡರೆ ಬಿಸಿಲು ಸಿಗುವುದಿಲ್ಲ. ಆಗ ಜೀವಿ ಸುಣ್ಣದ ಮೇಲೆ ಹತ್ತಿ ಹೊಸ ಚಾಪೆ ಹಾಸುತ್ತದೆ. ಮತ್ತೆ ಸುಣ್ಣ. ಮತ್ತೆ ಚಾಪೆ. ಹೀಗೆ ಏರುತ್ತಾ ಏರುತ್ತಾ ಗುಮ್ಮಟವಾಯಿತು.

ಇಂಥ ಗುಮ್ಮಟಗಳು ಇವತ್ತಿಗೂ ಬೆಳೆಯುತ್ತಿವೆ. ಆಸ್ಟ್ರೇಲಿಯಾ ದೇಶದ ಪಶ್ಚಿಮ ತೀರದಲ್ಲಿ ಶಾರ್ಕ್ ಬೇ ಎಂಬ ಜಾಗ ಇದೆ. ಅಲ್ಲಿಯ ನೀರು ಬಹಳ ಉಪ್ಪು. ಪಾಚಿ ಮೇಯುವ ಶಂಖದ ಹುಳುಗಳಿಗೆ ಅಲ್ಲಿ ಬದುಕುವುದು ಕಷ್ಟ. ಅದಕ್ಕೆ ಗುಮ್ಮಟ ಉಳಿದಿವೆ. ಅವನ್ನು ನೋಡಿದ ಮೇಲೇ ಹಳೇ ಕಲ್ಲಿನ ಗುಮ್ಮಟಗಳ ಗುಟ್ಟು ಚೆನ್ನಾಗಿ ತಿಳಿಯಿತು.

ನಮ್ಮ ರಾಜ್ಯದಲ್ಲಿ ಇನ್ನೂ ಹಳೆಯವೂ ಇವೆ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆಯ ಕಡೆ, ಸುಮಾರು 260 ಕೋಟಿ ವರ್ಷದ ಪಾಚಿಕಲ್ಲು ಸಿಕ್ಕಿದೆ. ನಮ್ಮ ರಾಮನಗರದ ಬೆಟ್ಟ ಹುಟ್ಟುವುದಕ್ಕೆ ಮುಂಚಿನದು!

ಈ ಪಾಚಿಯನ್ನು ಹಗುರ ಎಣಿಸಬೇಡಿ. ನಾವು ಉಸಿರಾಡುವ ಆಮ್ಲಜನಕ ಮೊದಲು ಗಾಳಿಯಲ್ಲಿ ಇರಲಿಲ್ಲ. ಇಂಥ ಜೀವಿಗಳು ಬಿಸಿಲು ಹೀರಿ, ಕೋಟಿ ಕೋಟಿ ವರ್ಷ ಆಮ್ಲಜನಕ ಬಿಟ್ಟು ಬಿಟ್ಟು ಗಾಳಿಯನ್ನು ತುಂಬಿದವು. ಆಮೇಲೆ ಉಳಿದ ಪ್ರಾಣಿಗಳು ಬಂದದ್ದು.

ಕಾವೇರಿಯ ಹಿಂದೆ ಹೋದರೆ

ಪಾಚಿಕಲ್ಲಾಯಿತು. ಶಂಖ, ಚಿಪ್ಪು ತುಂಬಿದ ಕಲ್ಲು ಎಲ್ಲಿದೆ? ದೂರ ಏನಿಲ್ಲ. ನಮ್ಮ ನದಿಯ ಹಿಂದೆ ಹೋದರೆ ಸಿಗುತ್ತದೆ.

ಕನಕಪುರದ ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ಮೇಕೆದಾಟಿನ ಇಕ್ಕಟ್ಟು ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ, ಮೆಟ್ಟೂರು ಕಳೆದು ತಿರುಚಿನಾಪಳ್ಳಿಗೆ ಹೋಗುತ್ತದೆ. ತಿರುಚಿಯ ಆಚೆ ನದಿಯ ಉತ್ತರಕ್ಕೆ ಅರಿಯಲೂರು, ಪೆರಂಬಲೂರು ಎಂಬ ಎರಡು ಜಿಲ್ಲೆ. ಒಣ ಸೀಮೆ. ಮುಸುಕಿನ ಜೋಳ, ಹತ್ತಿ ಬೆಳೆಯುತ್ತಾರೆ. ಸಮುದ್ರ ಅಲ್ಲಿಂದ ದೂರ. ಆದರೆ ಅಲ್ಲಿಯ ನೆಲದಲ್ಲಿ ಸಮುದ್ರದ ಶಂಖ ಸಿಗುತ್ತದೆ.

ಯಾಕೆ? ಹಗ್ಗ ತೆಗೆಯಿರಿ. ಹತ್ತು ಹನ್ನೊಂದು ಅಡಿ ಹಿಂದಕ್ಕೆ ಹೋಗಿ. ಅದಕ್ಕೂ ಮುಂಚೆ ಇಂಡಿಯಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಧ್ರುವದ ನೆಲ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಆಮೇಲೆ ಸೀಳಿ ದೂರವಾದವು. ನಮ್ಮ ಪೂರ್ವದ ಅಂಚು ಸೀಳಿದ ಕಡೆ ನೆಲ ಕುಸಿಯಿತು. ಸಮುದ್ರ ಒಳಗೆ ನುಗ್ಗಿತು. ಅರಿಯಲೂರು ಮುಳುಗಿತು. ಸಮುದ್ರ ನಾಲ್ಕು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹಿಂದೆ ಮುಂದೆ ಆಡಿತು.

ಆ ಕಾಲದ ನದಿಗಳು ಇವತ್ತಿನ ನದಿಗಳಲ್ಲ. ಆದರೆ ಅವು ಮಾಡಿದ ಕೆಲಸ ಇವತ್ತಿನ ಅರ್ಕಾವತಿ ಮಾಡುವುದೇ. ಮಳೆ ನಮ್ಮಂಥ ಬಂಡೆಗಳನ್ನು ಸವೆಸುತ್ತದೆ. ಬಂಡೆಯಲ್ಲಿರುವ ಒಂದಿಷ್ಟು ಸುಣ್ಣದ ಅಂಶ ನೀರಿಗೆ ಕರಗುತ್ತದೆ. ನದಿ ಅದನ್ನು ಸಮುದ್ರಕ್ಕೆ ಹೊರುತ್ತದೆ. ಸಮುದ್ರದ ಹುಳುಗಳು ಆ ಸುಣ್ಣ ಹೀರಿ ಮೈಮೇಲೆ ಚಿಪ್ಪು ಕಟ್ಟಿಕೊಳ್ಳುತ್ತವೆ. ಹೀಗೆ ಬಂಡೆಯ ಸುಣ್ಣ ಚಿಪ್ಪಿಗೆ ಹೋಯಿತು. ನಮ್ಮ ಬಂಡೆಯಲ್ಲಿ ಚಿಪ್ಪಿಲ್ಲ ನಿಜ. ಚಿಪ್ಪಿಗೆ ಸಾಮಾನು ಒದಗಿಸಿದ್ದು ಮಾತ್ರ ಇಂಥ ಬಂಡೆಗಳೇ.

ಹುಳು ಸತ್ತಿತು. ಮೈ ಕೊಳೆಯಿತು. ಚಿಪ್ಪು ತಳಕ್ಕೆ ಬಿತ್ತು. ಅದರ ಮೇಲೆ ಕೆಸರು ಮುಚ್ಚಿತು. ಕೆಸರು ಬೇಗ ಮುಚ್ಚಿದರೆ ಚಿಪ್ಪು ಉಳಿಯುತ್ತದೆ. ತಡವಾದರೆ ಅಲೆ ಅದನ್ನು ಪುಡಿ ಮಾಡುತ್ತದೆ. ಆ ಪುಡಿಯೂ ಸುಣ್ಣವೇ. ವರ್ಷಕ್ಕೆ ಒಂದು ಕೂದಲಿನಷ್ಟು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಕೂತಿತು ಎಂದು ಇಟ್ಟುಕೊಳ್ಳಿ. 10 ಸಾವಿರ ವರ್ಷಕ್ಕೆ ಎಷ್ಟಾಯಿತು? ಸ್ಲೇಟಿನ ಮೇಲೆ ಲೆಕ್ಕ ಹಾಕಿ. ಒಂದು ಮೀಟರ್. ಕೋಟಿ ವರ್ಷಕ್ಕೆ ಒಂದು ಸಾವಿರ ಮೀಟರ್. ಕೂದಲು ಬೆಟ್ಟವಾಗಲು ಬೇಕಾದ್ದು ಕಾಲ ಮಾತ್ರ.

ಕೆಲವು ಸಲ ಚಿಪ್ಪೇ ಕರಗಿ ಹೋಗುತ್ತದೆ. ಅದು ಇದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. ಆ ಟೊಳ್ಳಿನೊಳಗೆ ಬೇರೆ ಖನಿಜ ತುಂಬಿ ಗಟ್ಟಿಯಾಗುತ್ತದೆ. ಅಚ್ಚಿಗೆ ಬೆಲ್ಲದ ಪಾಕ ಹುಯ್ದ ಹಾಗೆ. ಸಿಗುವುದು ಚಿಪ್ಪಲ್ಲ, ಚಿಪ್ಪಿನ ಆಕಾರದ ಕಲ್ಲು. ಹೀಗೆ ಕಲ್ಲಿನಲ್ಲಿ ಉಳಿದ ಹಳೆಯ ಜೀವಿಯ ಗುರುತಿಗೆಲ್ಲ ಪಳೆಯುಳಿಕೆ ಎನ್ನುತ್ತಾರೆ. ಎಲುಬಾಗಲಿ, ಚಿಪ್ಪಾಗಲಿ, ಎಲೆಯ ಅಚ್ಚಾಗಲಿ, ಹೆಜ್ಜೆಯ ಗುರುತಾಗಲಿ, ಎಲ್ಲವೂ ಪಳೆಯುಳಿಕೆ.

ಅರಿಯಲೂರಿನಲ್ಲಿ ಏನೇನಿದೆ? ಗಂಡಸಿನ ಅಂಗೈಯಷ್ಟು ಅಗಲದ ದಪ್ಪ ಚಿಪ್ಪುಗಳಿವೆ. ಕಲ್ಲನ್ಕುರಿಚಿ ಎಂಬ ಊರಿನ ಗಣಿಯಲ್ಲಿ ಅವು ಒಂದರ ಮೇಲೊಂದು ರಾಶಿ ಬಿದ್ದಿವೆ. ಹವಳ ಇದೆ. ಸಮುದ್ರದ ಮುಳ್ಳುಂಡೆ ಇದೆ. ಶಾರ್ಕ್ ಮೀನಿನ ಹಲ್ಲು ಇದೆ. ಗರುಡಮಂಗಲಂ ಎಂಬಲ್ಲಿ ಶಂಖ ಚಿಪ್ಪು ಇಡಿಕಿರಿದ ಸುಣ್ಣಕಲ್ಲು ಸಿಗುತ್ತದೆ. ಅದನ್ನು ನಯಮಾಡಿದರೆ ಚಿಪ್ಪುಗಳು ಹೂವಿನ ಹಾಗೆ ಕಾಣುತ್ತವೆ. ಅಲಂಕಾರಕ್ಕೆ ಅದನ್ನು ತಿರುಚಿನಾಪಳ್ಳಿ ಅಮೃತಶಿಲೆ ಎಂದು ಮಾರುತ್ತಿದ್ದರು. ಸಾತ್ತನೂರಿನಲ್ಲಿ ಒಂದು ಮರವೇ ಕಲ್ಲಾಗಿ ಮಲಗಿದೆ. ಉದ್ದ 18 ಮೀಟರ್. ನದಿಯಲ್ಲಿ ತೇಲಿ ಬಂದು ಸಮುದ್ರದ ಕೆಸರಿನಲ್ಲಿ ಹೂತ ಮರ. ಎಂ.ಎಸ್. ಕೃಷ್ಣನ್ ಎಂಬ ಭೂವಿಜ್ಞಾನಿ 1940ರಲ್ಲಿ ಅದನ್ನು ಗುರುತಿಸಿದರು. ಈಗ ಬೇಲಿ ಹಾಕಿ ಕಾಪಾಡಿದ್ದಾರೆ.

ಎಲ್ಲಕ್ಕಿಂತ ಹೆಸರಾದದ್ದು ಅಮ್ಮೊನೈಟ್. ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಚಿಪ್ಪು. ಒಳಗೆ ಕೋಣೆ ಕೋಣೆ. ಮಂಗಳೂರಿನ ಕಡೆಯವರು ತಿನ್ನುವ ಬೊಂಡಾಸಿಗೆ ಇದು ದೂರದ ನೆಂಟ. 1840ರ ದಶಕದಲ್ಲಿ ಕೇ, ಕನ್ಲಿಫ್ ಎಂಬ ಇಬ್ಬರು ಬ್ರಿಟಿಷರು ಈ ಸೀಮೆಯ ಪಳೆಯುಳಿಕೆ ಆರಿಸಿ ಇಂಗ್ಲೆಂಡಿಗೆ ಕಳಿಸಿದರು. ಆಮೇಲೆ ಸ್ಟೊಲಿಚ್ಕ ಎಂಬ ವಿಜ್ಞಾನಿ ಈ ಸೀಮೆಯ ಪಳೆಯುಳಿಕೆಗಳನ್ನು ಒಂದೊಂದಾಗಿ ನೋಡಿ, ಹೆಸರಿಟ್ಟು, ಚಿತ್ರ ಬರೆಸಿ ದಪ್ಪ ದಪ್ಪ ಪುಸ್ತಕ ಮಾಡಿದರು.

ಇಷ್ಟು ಕಷ್ಟ ಯಾಕೆ ಪಟ್ಟರು? ಪಳೆಯುಳಿಕೆ ಕಲ್ಲಿನ ವಯಸ್ಸು ಹೇಳುತ್ತದೆ. ಹಳೇ ನೋಟು ನೋಡಿ ಯಾವ ಕಾಲದ್ದು ಅಂತ ಹೇಳುವುದಿಲ್ಲವೇ, ಹಾಗೆ. ಅಮ್ಮೊನೈಟ್ ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ಅಳಿಯಿತು. ಡೈನೋಸಾರ್ ಅಳಿದ ಕಾಲವೂ ಅದೇ. ಅರಿಯಲೂರಿನ ಕಡೆ ಮೇಲಿನ ಪದರದ ಸುಣ್ಣಕಲ್ಲು ನೋಡಿದರೆ ಅಮ್ಮೊನೈಟ್ ಇಲ್ಲ. ಕೆಳಗಿನ ಪದರದಲ್ಲಿ ಇದೆ. ಆ ಎರಡರ ನಡುವೆ ಜಗತ್ತೇ ಬದಲಾಯಿತು. ಅದೇ ಕಾಲಕ್ಕೆ ನಮ್ಮ ಬೆಳಗಾವಿ, ವಿಜಯಪುರ, ಬೀದರಿನ ಕಡೆ ನೆಲ ಬಿರಿದು ಬೆಂಕಿಪಾಕ ಹರಿಯುತ್ತಿತ್ತು. ಅಲ್ಲಿಯ ಕಪ್ಪು ಮಣ್ಣು ಆ ಪಾಕದ ಕಲ್ಲು ಕರಗಿ ಆದದ್ದು.

ಸಾಲಿಗ್ರಾಮ

ಟಗರಿನ ಕೊಂಬಿನಂಥ ಕಲ್ಲು ಎಂದಾಗ ಕೆಲವರಿಗೆ ಸಾಲಿಗ್ರಾಮ ನೆನಪಾಗಿರಬಹುದು. ಸರಿಯಾಗೇ ನೆನಪಾಯಿತು. ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಲ್ಲಿ ಸಿಗುತ್ತದೆ. ಅದರ ಒಳಗಿನ ಚಕ್ರ ಅಮ್ಮೊನೈಟಿನ ಅಚ್ಚು. ಅರಿಯಲೂರಿನದಕ್ಕಿಂತ ಹಳೆಯದು, 14 ಕೋಟಿ ವರ್ಷಕ್ಕೂ ಹಿಂದಿನದು. ಪೂಜೆ ಮಾಡುವವರು ಮಾಡಲಿ, ಅದಕ್ಕೆ ನಮ್ಮ ಅಡ್ಡಿ ಇಲ್ಲ. ಆದರೆ ಹಿಮಾಲಯದ ಮೇಲೆ ಸಮುದ್ರದ ಪ್ರಾಣಿ ಹೇಗೆ ಬಂತು ಎಂಬುದು ತಿಳಿದಿರಲಿ. ಇಂಡಿಯಾದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿತು. ಮಧ್ಯೆ ಇದ್ದ ಸಮುದ್ರದ ತಳ ಮಡಿಸಿ ಮೇಲೆದ್ದಿತು. ಎವರೆಸ್ಟ್ ಶಿಖರದ ತುದಿಯ ಕಲ್ಲೂ ಸಮುದ್ರದ ಸುಣ್ಣಕಲ್ಲೇ.

ಗೂಡಿಗೆ ಬಿದ್ದ ಮೇಲೆ

ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸುಟ್ಟರೆ ಅದರಲ್ಲಿದ್ದ ಒಂದು ಅನಿಲ ಹೊರಗೆ ಹೋಗುತ್ತದೆ. ಚೊಕ್ಕ ಸುಣ್ಣಕಲ್ಲು 100 ಕಿಲೋ ಹಾಕಿದರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. 44 ಕಿಲೋ ಗಾಳಿಗೆ ಹೋಯಿತು. ಅಕ್ಕಂದಿರು ಲೆಕ್ಕ ನೋಡಿ ತೂಕದಲ್ಲಿ ಮೋಸ ಆಯ್ತು ಅಂದರು. ಮೋಸ ಅಲ್ಲ. ನಿಂಬೆರಸ ಹಾಕಿದಾಗ ಗುಳ್ಳೆಯಾಗಿ ಬಂದದ್ದೂ ಅದೇ ಅನಿಲ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತ ಕೊತ ಕುದಿದು ಅರಳುತ್ತದೆ. ಒಲೆ ಇಲ್ಲದೆಯೇ ಕುದಿಯುತ್ತದೆ. ಆ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಿಂದ ಆ ಅನಿಲವನ್ನೇ ಮತ್ತೆ ಹೀರಿಕೊಂಡು, ದಿನ ಕಳೆದಂತೆ ಮತ್ತೆ ಕಲ್ಲಾಗುತ್ತದೆ. ಹಳೇ ಸುಣ್ಣದ ಗೋಡೆಯ ಚಕ್ಕೆಗೆ ನಿಂಬೆರಸ ಹಾಕಿ ನೋಡಿ, ನೊರೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಎಲೆ ಅಡಿಕೆಯ ಸುಣ್ಣವೂ ಅಷ್ಟೆ. ಪ್ಲಾಸ್ಟಿಕ್ ಪೊಟ್ಟಣದ ಸುಣ್ಣವನ್ನು ಮಕ್ಕಳು ಆಡುತ್ತಾ ಹಿಚುಕುತ್ತಾರೆ. ಪಟ್ಟನೆ ಒಡೆದು ಮುಖಕ್ಕೆ ಹಾರುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸುಣ್ಣ ಅರಳಿಸುವಾಗ ಅವರನ್ನು ದೂರ ಕಳಿಸಿ. ಹುಳುಮನೆಯಲ್ಲಿ ಪುಡಿ ಉದುರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಣ್ಣಿಗೆ ಬಿತ್ತೇ? ಉಜ್ಜಬೇಡಿ. ಎಣ್ಣೆ, ತುಪ್ಪ, ಎದೆಹಾಲು ಏನೂ ಹಾಕಬೇಡಿ. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರು ಹುಯ್ಯುತ್ತಲೇ ಇರಿ. ಅರ್ಧ ಗಂಟೆ ಬಿಡದೆ ಹುಯ್ಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಬಂಡೆ ಒಡೆಯುವವರಿಗೂ ಒಂದು ಮಾತು. ನಮ್ಮ ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಬಹಳ. ಅದರ ನಯವಾದ ಧೂಳು ಎದೆಗೆ ಇಳಿದರೆ ಹೊರಗೆ ಬರುವುದಿಲ್ಲ. ವರ್ಷಾನುಗಟ್ಟಲೆ ಕುಡಿದವರ ಎದೆ ಗಟ್ಟಿಯಾಗಿ ಉಸಿರು ಸಿಗದ ಹಾಗೆ ಆಗುತ್ತದೆ. ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಕಲ್ಲಿನ ಮೇಲೆ ನೀರು ಬಿಡುತ್ತಾ ಕೊರೆದರೆ ಧೂಳು ಏಳುವುದು ಕಡಿಮೆ. ನೀರು ಬಿಡಿ, ಧೂಳಿಗೆ ಸರಿಯಾದ ಮುಖಗವಸು ಕೊಡಿ ಎಂದು ಗಣಿ ನಡೆಸುವವರನ್ನು ಕೇಳುವುದು ಕೂಲಿಯವರ ಹಕ್ಕು.

ಉಳಿಯುವುದೆಷ್ಟು?

ಸುಣ್ಣಕಲ್ಲು ಇರುವ ಕಡೆ ಸಿಮೆಂಟ್ ಕಾರ್ಖಾನೆ ಇರುತ್ತದೆ. ಲೋಕಾಪುರದ ಕಡೆ ಇದೆ. ಸೇಡಂ, ಮಳಖೇಡ, ವಾಡಿಯಲ್ಲಿ ಇದೆ. ಅರಿಯಲೂರಿನಲ್ಲಿ ಬೇಕಾದಷ್ಟಿದೆ. ಸುಣ್ಣಕಲ್ಲಿಗೆ ಜೇಡಿ ಸೇರಿಸಿ ಸುಟ್ಟು ಕ್ಲಿಂಕರ್ ಎಂಬ ಗಟ್ಟಿ ಮಾಡುತ್ತಾರೆ. ಅದನ್ನು ಅರೆದರೆ ಸಿಮೆಂಟು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಶಂಖ, ಹವಳ, ಪಾಚಿಯ ಗುಮ್ಮಟ ಎಲ್ಲವೂ ಸೇರಿ ಅರೆದು ಹೋಗುತ್ತದೆ.

ಸಿಮೆಂಟು ಬೇಡ ಎಂದು ನಾವು ಹೇಳುವುದಿಲ್ಲ. ಸೋರುವ ಮನೆಯಲ್ಲಿ ಕೂತವರಿಗೆ ಹಾಗೆ ಹೇಳುವುದು ತಪ್ಪು. ಆದರೆ ಗಣಿಯ ಒಂದು ಮೂಲೆಯನ್ನಾದರೂ ನೋಡುವುದಕ್ಕೆ ಉಳಿಸಬೇಕು ಅನ್ನುವುದು ನಮ್ಮ ಅಭಿಪ್ರಾಯ. ಸುಟ್ಟ ಸುಣ್ಣ ಗೋಡೆಯ ಮೇಲೆ ಮತ್ತೆ ಕಲ್ಲಾದೀತು. ಶಂಖ ಮತ್ತೆ ಆಗುವುದಿಲ್ಲ. ಅರಿಯಲೂರು ಜಿಲ್ಲೆಯ ವಾರಣವಾಸಿಯಲ್ಲಿ ಸರ್ಕಾರ ಪಳೆಯುಳಿಕೆಗೆ ಒಂದು ಸಂಗ್ರಹಾಲಯ ಮಾಡಿದೆ. ಗಣಿಯಲ್ಲಿ ಪಳೆಯುಳಿಕೆ ಮೊದಲು ಕಾಣುವುದು ಕೂಲಿಯವರಿಗೆ. ಅದು ಏನು ಎಂದು ಅವರಿಗೆ ತಿಳಿದಿದ್ದರೆ ಪಕ್ಕಕ್ಕೆ ಎತ್ತಿಡುತ್ತಾರೆ. ತಿಳಿಯದಿದ್ದರೆ ಅದು ಲಾರಿಗೆ ಹೋಗುತ್ತದೆ.

ತಿಳಿಯದೆ ಹಬ್ಬುವ ಸುದ್ದಿಯೂ ಉಂಟು. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಕಡೆ ಕೆರೆ ಹೂಳೆತ್ತುವಾಗ ದೊಡ್ಡ ದೊಡ್ಡ ಉಂಡೆಗಲ್ಲು ಸಿಕ್ಕಿದವು. ಡೈನೋಸಾರ್ ಮೊಟ್ಟೆ ಸಿಕ್ಕಿದೆ ಎಂದು ಊರೂರಿಗೆ ಸುದ್ದಿಯಾಯಿತು. ಜನ ಮುತ್ತಿದರು. ಬಲ್ಲವರು ಹೋಗಿ ನೋಡಿದರೆ ಮೊಟ್ಟೆ ಅಲ್ಲ. ಅಮ್ಮೊನೈಟ್ ಇರುವ ಪದರದ ಸಮುದ್ರದ ಕೆಸರು ಉಂಡೆಗಟ್ಟಿದ್ದು.

ನಮ್ಮ ಕಡೆಯೂ ಇಂಥದ್ದು ಆಗುತ್ತದೆ. ಬಂಡೆ ಸೀಳಿದಾಗ ಒಳಗಿನ ಬಿರುಕಿನಲ್ಲಿ ಕಪ್ಪು ಬಣ್ಣದ ಗಿಡದ ಚಿತ್ರ ಕಾಣುತ್ತದೆ. ಕೊಂಬೆ, ಎಲೆ ಎಲ್ಲ ಬರೆದಿಟ್ಟ ಹಾಗೆ. ಗಿಡ ಕಲ್ಲಾಗಿದೆ ಅಂತ ಜನ ಸೇರುತ್ತಾರೆ. ಅದು ಗಿಡವಲ್ಲ. ಬಿರುಕಿನಲ್ಲಿ ಇಳಿದ ನೀರು ಮ್ಯಾಂಗನೀಸ್ ಎಂಬ ಲೋಹದ ಕರಿ ಬಿಟ್ಟು ಹೋದದ್ದು. ಸುಣ್ಣದ ಗೋಡೆಯ ಮೇಲೆ ನೀರು ಇಳಿದು ಕವಲು ಕವಲಾಗಿ ಕಲೆ ಕಟ್ಟುತ್ತದಲ್ಲ, ಆ ಥರ. ಗುರುತಿಸುವುದು ಸುಲಭ. ಚಿತ್ರ ಬಿರುಕಿನ ಮೈಮೇಲೆ ಮಾತ್ರ ಇರುತ್ತದೆ. ಕಲ್ಲಿನೊಳಗೆ ಹೋಗಿರುವುದಿಲ್ಲ. ಕಲ್ಲು ಗ್ರಾನೈಟೋ ಪಟ್ಟೆ ಕಲ್ಲೋ ಆಗಿದ್ದರೆ ಗಿಡ ಇರಲು ಸಾಧ್ಯವೇ ಇಲ್ಲ. ಯಾಕೆ ಅಂತ ನೆರೆಮನೆಯವರು ಕೇಳಿದರೆ ಹಗ್ಗದ ಲೆಕ್ಕ ಅವರಿಗೂ ಹೇಳಿ.